ಬೈಗುಳಗಳ ಪಟ್ಟಿ ಮಾಡಿ: ಹೀಬ್ರೂ ಗ್ರಂಥಗಳನ್ನು ಓದಲು ಹೊರಟವರಿಗೆ

ಹೀಬ್ರೂ ಗ್ರಂಥಗಳನ್ನು, ಅಂದರೆ ಬೈಬಲಿನ ಹಳೆಯ ಒಡಂಬಡಿಕೆಯನ್ನು, ಓದಲು ಹೊರಡುವವರು ಬಹುತೇಕ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮೊದಲ ಪುಸ್ತಕ ಆದಿಕಾಂಡ ಕಥೆಯಂತೆ ಓಡುತ್ತದೆ. ವಿಮೋಚನಕಾಂಡದ ಅರ್ಧದವರೆಗೂ ಅದೇ ಓಟ. ಅಲ್ಲಿಂದಾಚೆ ದೇವರ ಗುಡಾರದ ಅಳತೆ, ಪರದೆಯ ಬಣ್ಣ, ಕೊಂಡಿಗಳ ಲೆಕ್ಕ. ಯಾಜಕಕಾಂಡದ ಮೂರನೆಯ ಅಧ್ಯಾಯ ಬರುವಷ್ಟರಲ್ಲಿ ಪುಸ್ತಕ ಕಪಾಟು ಸೇರಿರುತ್ತದೆ. ನಾನೂ ಎರಡು ಸಲ ಹೀಗೆ ಸೋತವನು. ಮೂರನೆಯ ಸಲ ನಡುವಿನಿಂದ ಶುರುಮಾಡಿದೆ. ಆಗ ಹಿಡಿತ ಸಿಕ್ಕಿತು.

ಈ ಲೇಖನ ಭಕ್ತಿಯಿಂದ ದಿನಕ್ಕೊಂದು ಅಧ್ಯಾಯ ಓದುವವರಿಗಾಗಿ ಬರೆದದ್ದಲ್ಲ, ಅವರಿಗೆ ಅವರದೇ ಕ್ರಮವಿದೆ. ಪ್ರಾಚೀನ ಇಸ್ರಾಯೇಲ್ಯರು ನಿಜವಾಗಿ ಯಾರನ್ನು ಪೂಜಿಸಿದರು, ಎಲ್ಲಿ, ಹೇಗೆ, ಅದು ಹೇಗೆ ಬದಲಾಯಿತು ಎಂದು ತಿಳಿಯಬೇಕೆನ್ನುವವರಿಗಾಗಿ ಬರೆದದ್ದು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಆರು ತಿಂಗಳಲ್ಲಿ ಕಾಲೂರುವಷ್ಟು ನೆಲ ಸಿಗುತ್ತದೆ.

1. ಎರಡು ಅನುವಾದ, ಒಂದು ನೋಟ್‌ಬುಕ್

ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವುದನ್ನು ಯಹೂದ್ಯರು ತನಖ್ ಎನ್ನುತ್ತಾರೆ. ತೋರಾ, ನೆವಿಈಮ್, ಕೆತುವೀಮ್ ಎಂಬ ಮೂರು ಭಾಗಗಳ ಮೊದಲಕ್ಷರಗಳನ್ನು ಕೂಡಿಸಿದ ಹೆಸರು ಅದು: ಬೋಧನೆ, ಪ್ರವಾದಿಗಳು, ಬರಹಗಳು. ಯಹೂದ್ಯರ ಎಣಿಕೆಯಲ್ಲಿ 24 ಪುಸ್ತಕಗಳು, ಪ್ರೊಟೆಸ್ಟೆಂಟ್ ಎಣಿಕೆಯಲ್ಲಿ 39. ಒಳಗಿರುವುದು ಒಂದೇ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಇವುಗಳ ಎರಡೆರಡು ಭಾಗಗಳನ್ನು ಯಹೂದ್ಯರು ಒಂದೊಂದಾಗಿ ಎಣಿಸುತ್ತಾರೆ; ಎಜ್ರ ಮತ್ತು ನೆಹೆಮೀಯ ಸೇರಿ ಒಂದು; ಹನ್ನೆರಡು ಕಿರಿಯ ಪ್ರವಾದಿಗಳು ಸೇರಿ ಒಂದು. ಕಥೋಲಿಕ ಆವೃತ್ತಿಯಲ್ಲಿ ಇನ್ನೂ ಏಳು ಪುಸ್ತಕಗಳಿವೆ. ಕ್ರಮವೂ ಬೇರೆ. ತನಖ್ ಮುಗಿಯುವುದು ಪೂರ್ವಕಾಲವೃತ್ತಾಂತದಲ್ಲಿ, ಯೆರೂಸಲೇಮಿಗೆ ಹೊರಡಿರಿ ಎಂಬ ಪರ್ಷಿಯದ ಅರಸ ಕೋರೆಷನ ಅಪ್ಪಣೆಯೊಂದಿಗೆ. ಕ್ರೈಸ್ತರ ಜೋಡಣೆ ಮುಗಿಯುವುದು ಮಲಾಕಿಯನಲ್ಲಿ, ಪ್ರವಾದಿ ಎಲೀಯ ಬರುತ್ತಾನೆ ಎಂಬ ನಿರೀಕ್ಷೆಯೊಂದಿಗೆ. ಪುಸ್ತಕ ಎಲ್ಲಿ ನಿಲ್ಲುತ್ತದೆ ಎಂಬುದೇ ಒಂದು ವ್ಯಾಖ್ಯಾನ.

ಕನ್ನಡದಲ್ಲಿ ಎರಡು ಅನುವಾದಗಳನ್ನು ಇಟ್ಟುಕೊಳ್ಳಿ. ಹಳೆಯ ಸತ್ಯವೇದದಲ್ಲಿ (ಬೈಬಲಿನ ಕನ್ನಡ ಹೆಸರು) ದೇವರ ಹೆಸರು ‘ಯೆಹೋವ’ ಎಂದಿರುತ್ತದೆ. ಸರಳ ಕನ್ನಡದ ಈಚಿನ ಅನುವಾದದಲ್ಲಿ ‘ಸರ್ವೇಶ್ವರ’. ಹೀಬ್ರೂವಿನಲ್ಲಿರುವುದು ಯ-ಹ-ವ-ಹ ಎಂಬ ನಾಲ್ಕು ವ್ಯಂಜನಗಳು ಮಾತ್ರ. ಯಹೂದ್ಯರು ಅದನ್ನು ಉಚ್ಚರಿಸದೆ ‘ಅದೋನಾಯ್’, ಅಂದರೆ ‘ನನ್ನ ಒಡೆಯ’, ಎಂದು ಓದುತ್ತಾರೆ. ಆ ಪದದ ಸ್ವರಗಳನ್ನು ಈ ವ್ಯಂಜನಗಳಿಗೆ ಕಟ್ಟಿದಾಗ ಹುಟ್ಟಿದ್ದು ಯೆಹೋವ. ವಿದ್ವಾಂಸರು ಈಗ ಸಾಮಾನ್ಯವಾಗಿ ಯಾಹ್ವೆ ಎಂದು ಬರೆಯುತ್ತಾರೆ. ನಮ್ಮ ಅಧ್ಯಯನಕ್ಕೆ ಹಳೆಯ ಅನುವಾದವೇ ಹೆಚ್ಚು ಉಪಯುಕ್ತ: ಒಬ್ಬ ದೇವರ ಸ್ವಂತ ಹೆಸರು ಎಲ್ಲಿ ಬರುತ್ತದೆ, ‘ದೇವರು’ ಎಂಬ ಸಾಮಾನ್ಯ ಪದ ಎಲ್ಲಿ ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೂಲದೊಂದಿಗೆ ಇಂಗ್ಲಿಷ್ ಬೇಕೆನ್ನುವವರಿಗೆ ಸೆಫಾರಿಯಾ ಜಾಲತಾಣದಲ್ಲಿ ಎರಡೂ ಅಕ್ಕಪಕ್ಕದಲ್ಲಿ ಉಚಿತವಾಗಿ ಸಿಗುತ್ತವೆ.

2. ಕನ್ನಡ ಪದಗಳ ಮೇಲೆ ಒಂದು ಕಣ್ಣಿಡಿ

ಇದು ಕನ್ನಡ ಓದುಗರಿಗೇ ಇರುವ ತೊಡಕು. ಇಂಗ್ಲಿಷ್ ಕೈಪಿಡಿಗಳು ಇದರ ಬಗ್ಗೆ ಏನೂ ಹೇಳುವುದಿಲ್ಲ. ಪೂರ್ಣ ಸತ್ಯವೇದ ಕನ್ನಡಕ್ಕೆ ಬಂದದ್ದು ಬಳ್ಳಾರಿಯಲ್ಲಿ, 1831ರಲ್ಲಿ. ಆಗಿನ ಅನುವಾದಕರೂ ಮುಂದೆ ತಿದ್ದಿದವರೂ ಯಜ್ಞಕ್ಕೆ, ಶುದ್ಧಿಗೆ, ಪರಲೋಕಕ್ಕೆ ಪದ ಬೇಕಾದಾಗಲೆಲ್ಲ ಸಂಸ್ಕೃತದ ಬಾಗಿಲು ತಟ್ಟಿದರು. ಆದಿಕಾಂಡ ಎಂದೊಡನೆ ರಾಮಾಯಣದ ಕಾಂಡಗಳು ನೆನಪಾಗುತ್ತವೆ. ‘ಓಲಾ’ ಎಂಬ ಬಲಿ ಸರ್ವಾಂಗಹೋಮವಾಯಿತು. ಆ ಪದದ ಅರ್ಥ ‘ಮೇಲಕ್ಕೆ ಏರುವುದು’ ಎಂದಷ್ಟೇ, ಪೂರ್ತಿ ಸುಟ್ಟು ಹೊಗೆಯಾಗಿ ಏರುವ ಬಲಿ ಅದು. ‘ತೋರಾ’ ಧರ್ಮಶಾಸ್ತ್ರವಾಯಿತು, ಅದರ ಮೂಲ ಅರ್ಥ ತೋರಿಸಿಕೊಡುವುದು, ಬೋಧನೆ.

ಎಲ್ಲಕ್ಕಿಂತ ಮೋಸಮಾಡುವವು ಎರಡು ಪದಗಳು. ‘ಶೆಓಲ್’ ಕನ್ನಡದಲ್ಲಿ ಪಾತಾಳ. ಅಲ್ಲಿ ಬಲಿ ಚಕ್ರವರ್ತಿಯೂ ಇಲ್ಲ, ನಾಗರೂ ಇಲ್ಲ. ಒಳ್ಳೆಯವರು ಕೆಟ್ಟವರು ಎನ್ನದೆ ಸತ್ತವರೆಲ್ಲ ಇಳಿಯುವ ಮಂಕಾದ ಜಾಗ ಅದು. ಹೆಚ್ಚಿನ ಹಳೆಯ ಪಠ್ಯಗಳಲ್ಲಿ ಸ್ವರ್ಗ ನರಕಗಳ ಲೆಕ್ಕವೇ ಇಲ್ಲ. ಇನ್ನೊಂದು ‘ನೆಫೆಶ್’. ಆತ್ಮ, ಪ್ರಾಣ ಎಂದು ಅನುವಾದವಾಗುವ ಈ ಪದಕ್ಕೆ ಗಂಟಲು, ಉಸಿರು, ಜೀವವಿರುವ ಮೈ ಎಂಬ ಅರ್ಥಗಳಿವೆ. ಅದರೊಳಗೆ ವೇದಾಂತದ ಆತ್ಮವನ್ನು ತುಂಬಿ ಓದಿದರೆ ಹೀಬ್ರೂ ಗ್ರಂಥ ಹೇಳದೇ ಇರುವುದೆಲ್ಲ ಕೇಳಿಸತೊಡಗುತ್ತದೆ. ನೋಟ್‌ಬುಕ್‌ನ ಕೊನೆಯ ನಾಲ್ಕು ಪುಟ ಇಂಥ ಪದಗಳಿಗಾಗಿ ಮೀಸಲಿಡಿ. ಕನ್ನಡ ಪದ ತೀರಾ ಪರಿಚಿತ ಅನ್ನಿಸಿದಾಗಲೆಲ್ಲ ಮೂಲದಲ್ಲಿ ಏನಿದೆ ಎಂದು ನೋಡಿ ಬರೆದುಕೊಳ್ಳಿ.

3. ಅರಸುಗಳ ಎರಡನೆಯ ಭಾಗ, 18ನೆಯ ಅಧ್ಯಾಯದಿಂದ ಶುರುಮಾಡಿ

ಸೃಷ್ಟಿಯಿಂದ ಶುರುಮಾಡಿದರೆ ಕಾಲದ ಹಿಡಿ ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ, ಏಕೆಂದರೆ ನೆರೆಯ ಶತ್ರುವೂ ಅದೇ ಘಟನೆಯನ್ನು ಬರೆದಿಟ್ಟಿದ್ದಾನೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ದೊರೆ ಸನ್ಹೇರೀಬ ಇಸ್ರಾಯೇಲ್ಯರ ದಕ್ಷಿಣದ ರಾಜ್ಯವಾದ ಯೆಹೂದದ ಮೇಲೆ ದಂಡೆತ್ತಿ ಬಂದ. ಅಲ್ಲಿನ ಅರಸ ಹಿಜ್ಕೀಯ 300 ತಲಾಂತು (ಆ ಕಾಲದ ಒಂದು ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ ಕೊಟ್ಟ ಎನ್ನುತ್ತದೆ ಅರಸುಗಳ ಪುಸ್ತಕ. ಸನ್ಹೇರೀಬನ ಮಣ್ಣಿನ ಪಟ್ಟಕದ ಮೇಲೆ ಬಂಗಾರ 30 ತಲಾಂತು ಎಂದೇ ಇದೆ, ಬೆಳ್ಳಿ ಮಾತ್ರ 800. ಹಿಜ್ಕೀಯನ 46 ಕೋಟೆಪಟ್ಟಣಗಳನ್ನು ಗೆದ್ದೆ, ಅವನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಅವನು ಕೊಚ್ಚಿಕೊಳ್ಳುತ್ತಾನೆ. ಪಟ್ಟಣವನ್ನು ಹಿಡಿದೆ ಎಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಅರಸುಗಳ ಪುಸ್ತಕ ಒಂದೇ ರಾತ್ರಿ 1,85,000 ಅಶ್ಶೂರರು ಸತ್ತರು ಎನ್ನುತ್ತದೆ. ಲಾಕೀಷ್ ಪಟ್ಟಣ ಬಿದ್ದ ದೃಶ್ಯವನ್ನು ಸನ್ಹೇರೀಬ ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ. ಆ ಕಲ್ಲುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಚಿತ್ರಗಳು ಅಂತರಜಾಲದಲ್ಲಿ ಸಿಗುತ್ತವೆ.

ಎರಡು ಹೇಳಿಕೆಗಳನ್ನೂ ಪುಟದ ಎಡಬಲಕ್ಕೆ ಬರೆಯಿರಿ. ಎಲ್ಲಿ ಒಪ್ಪುತ್ತವೆ, ಎಲ್ಲಿ ಒಂದು ಬಾಯಿಮುಚ್ಚಿಕೊಳ್ಳುತ್ತದೆ, ಎಲ್ಲಿ ಇನ್ನೊಂದು ಹಿಗ್ಗಿಸುತ್ತದೆ ಎಂದು ಗುರುತಿಸಿ. ಒಂದು ಸಂಜೆಯ ಈ ಕೆಲಸ ಹತ್ತು ಮುನ್ನುಡಿಗಳಿಗಿಂತ ಹೆಚ್ಚು ಕಲಿಸುತ್ತದೆ. ಹಾಗೆಯೇ ಪುಸ್ತಕದ ಒಳರಕ್ಷಾಪುಟದಲ್ಲಿ ಐದು ಇಸವಿಗಳು ಇರಲಿ, ಎಲ್ಲವೂ ಕ್ರಿ.ಪೂ.: ಸುಮಾರು 1208, ಈಜಿಪ್ಟಿನ ಮೆರ್ನೆಪ್ತಾಹನ ಶಿಲಾಶಾಸನದಲ್ಲಿ ‘ಇಸ್ರಾಯೇಲ್’ ಹೆಸರಿನ ಮೊದಲ ಉಲ್ಲೇಖ, 722, ಉತ್ತರದ ರಾಜ್ಯದ ರಾಜಧಾನಿ ಸಮಾರ್ಯದ ಪತನ, 622, ಯೆಹೂದದ ಅರಸ ಯೋಷೀಯನ ಸುಧಾರಣೆ, 586, ಬಾಬಿಲೋನಿಯರಿಂದ ಯೆರೂಸಲೇಮಿನ ದೇವಾಲಯ ನಾಶ, 539, ಬಾಬಿಲೋನ್ ಕೋರೆಷನ ಕೈಗೆ. ಮಿಕ್ಕ ಇಸವಿಗಳನ್ನು ಬೇಕಾದಾಗ ನೋಡಿಕೊಂಡರೆ ಸಾಕು.

4. ಬೈಗುಳಗಳ ಪಟ್ಟಿ

ಈ ಲೇಖನದಿಂದ ಒಂದೇ ಒಂದು ಉಪಾಯ ತೆಗೆದುಕೊಂಡು ಹೋಗುವುದಾದರೆ ಅದು ಇದಾಗಲಿ. ನಮಗೆ ಸಿಕ್ಕಿರುವ ಗ್ರಂಥವನ್ನು ಕೊನೆಗೆ ತಿದ್ದಿ ಜೋಡಿಸಿದವರು ಒಂದು ಪಕ್ಷದವರು: ಯೆಹೋವ ಒಬ್ಬನೇ, ದೇವಾಲಯ ಒಂದೇ, ವಿಗ್ರಹ ಕೂಡದು ಎನ್ನುವವರು. ಸೋತವರು ತಮ್ಮ ಪುಸ್ತಕ ಬಿಟ್ಟುಹೋಗಲಿಲ್ಲ. ಆದರೆ ಗೆದ್ದವರು ಅವರನ್ನು ಬೈಯುತ್ತಲೇ ಅವರ ಪದ್ಧತಿಯನ್ನು ದಾಖಲಿಸಿಬಿಟ್ಟರು. ಯಾರೂ ಮಾಡದೇ ಇರುವ ಕೆಲಸವನ್ನು ಮಾಡಬೇಡಿರೆಂದು ಯಾವ ಪ್ರವಾದಿಯೂ ಗಂಟಲು ಹರಿದುಕೊಳ್ಳುವುದಿಲ್ಲ.

ಅರಸುಗಳ ಎರಡನೆಯ ಭಾಗದ 23ನೆಯ ಅಧ್ಯಾಯ ತೆರೆಯಿರಿ. ಯೋಷೀಯ ಏನೇನು ಹೊರಗೆ ಹಾಕಿಸಿದ ಎಂದು ಪಟ್ಟಿ ಮಾಡುತ್ತ ಹೋಗಿ. ಬಾಳನೆಂಬ ದೇವರಿಗೂ ಅಶೇರಳೆಂಬ ದೇವಿಗೂ ನಕ್ಷತ್ರಗಣಕ್ಕೂ ಮಾಡಿಸಿದ್ದ ಪಾತ್ರೆಗಳು, ಅಶೇರ ಸ್ತಂಭ, ಅಶೇರಳಿಗಾಗಿ ಹೆಂಗಸರು ನೇಯುತ್ತಿದ್ದ ಮನೆಗಳು, ಸೂರ್ಯನಿಗೆ ಅರ್ಪಿಸಿದ್ದ ಕುದುರೆಗಳು, ಮಾಳಿಗೆಯ ಮೇಲಿನ ಯಜ್ಞವೇದಿಗಳು. ಪ್ರತಿಯೊಂದರ ಮುಂದೆ ‘ಎಲ್ಲಿತ್ತು?’ ಎಂದು ಬರೆಯಿರಿ. ಉತ್ತರ ಬಹಳ ಕಡೆ ಒಂದೇ: ಯೆರೂಸಲೇಮಿನ ದೇವಾಲಯದಲ್ಲಿ, ಇಲ್ಲವೇ ಅದರ ಅಂಗಳದಲ್ಲಿ. ಹೊರಗಿನ ಹಳ್ಳಿಯ ಮೂಢಾಚಾರ ಎಂದು ತಳ್ಳಿಹಾಕುವಂತಿಲ್ಲ. ರಾಜ್ಯದ ಮುಖ್ಯ ಗುಡಿಯ ಪೂಜೆಯೇ ಹಾಗಿತ್ತು.

ಮುಂದೆ ಯೆರೆಮೀಯನ 7 ಮತ್ತು 44ನೆಯ ಅಧ್ಯಾಯಗಳು. ಮಕ್ಕಳು ಸೌದೆ ಆಯುತ್ತಾರೆ, ತಂದೆಯರು ಬೆಂಕಿ ಹೊತ್ತಿಸುತ್ತಾರೆ, ಹೆಂಗಸರು ಹಿಟ್ಟು ನಾದಿ ಗಗನದ ರಾಣಿಗೆ ರೊಟ್ಟಿ ಮಾಡುತ್ತಾರೆ. ಪ್ರವಾದಿಗೆ ಇದು ಅಸಹ್ಯ. ಓದುವ ನಮಗೆ ಕಾಣುವುದು ಮನೆಮಂದಿಯೆಲ್ಲ ಕೂಡಿ ಮಾಡುವ ಒಂದು ಹಬ್ಬ. 44ರಲ್ಲಿ ಆ ಜನ ತಿರುಗಿ ಮಾತಾಡುತ್ತಾರೆ: ಅವಳಿಗೆ ಧೂಪ ಹಾಕುತ್ತಿದ್ದಾಗ ಹೊಟ್ಟೆತುಂಬ ಊಟವಿತ್ತು, ನಿಲ್ಲಿಸಿದ ಮೇಲೆಯೇ ಕತ್ತಿಯೂ ಬರವೂ ಬಂದವು. ಹೀಬ್ರೂ ಗ್ರಂಥದಲ್ಲಿ ಸೋತ ಪಕ್ಷದ ವಾದ ಇಷ್ಟು ನೇರವಾಗಿ ಕೇಳಿಸುವ ಜಾಗ ನನಗೆ ಇನ್ನೊಂದು ಕಂಡಿಲ್ಲ. ಯೆಹೆಜ್ಕೇಲನ 8ನೆಯ ಅಧ್ಯಾಯದಲ್ಲಿ ದೇವಾಲಯದ ಬಾಗಿಲಲ್ಲೇ ತಮ್ಮೂಜನೆಂಬ ದೇವರಿಗಾಗಿ ಅಳುವ ಹೆಂಗಸರಿದ್ದಾರೆ. ಅವರನ್ನೂ ಪಟ್ಟಿಗೆ ಸೇರಿಸಿ.

ಬೈಗುಳ ಕಡಿಮೆಯಿರುವ ಒಂದು ಕಥೆಯೂ ಬೇಕು: ನ್ಯಾಯಸ್ಥಾಪಕರು 17. ಎಫ್ರಾಯೀಮ್ ಬೆಟ್ಟದ ಮೀಕ ತನ್ನ ಮನೆಯಲ್ಲೇ ದೇವರಕೋಣೆ ಮಾಡಿಕೊಂಡು, ಅಲೆಯುತ್ತ ಬಂದ ಲೇವಿಯನೊಬ್ಬನನ್ನು (ದೇವರ ಸೇವೆಗೆ ಮೀಸಲಾದ ಕುಲದವನನ್ನು) ವರ್ಷಕ್ಕೆ ಹತ್ತು ಬೆಳ್ಳಿ ನಾಣ್ಯ, ಬಟ್ಟೆ, ಊಟ ಕೊಡುತ್ತೇನೆಂದು ಅರ್ಚಕನಾಗಿ ಇಟ್ಟುಕೊಳ್ಳುತ್ತಾನೆ. ಯೆಹೋವ ಇನ್ನು ನನಗೆ ಒಳ್ಳೆಯದು ಮಾಡುತ್ತಾನೆ ಎಂದು ಅವನಿಗೆ ಸಮಾಧಾನ. ಮನೆದೇವರು, ಕುಲದೇವರು ಎಂಬ ಪದಗಳಿರುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಥಟ್ಟನೆ ಅರ್ಥವಾದದ್ದನ್ನು ಎರಡು ಸಲ ನೋಡುವುದು ಒಳ್ಳೆಯದು. ಮೀಕನ ಮನೆಯ ವಿಗ್ರಹವೂ ಯೆಹೋವನಿಗೆಂದೇ ಮುಡಿಪಾದ ಬೆಳ್ಳಿಯಿಂದ ಮಾಡಿಸಿದ್ದು ಎಂಬ ವಿವರ ಮೊದಲ ಓದಿನಲ್ಲಿ ತಪ್ಪಿಹೋಗುತ್ತದೆ.

5. ಪಟ್ಟಿ ಹಿಡಿದು ಮಣ್ಣಿಗೆ ಇಳಿಯಿರಿ

ಪಟ್ಟಿ ಸಿದ್ಧವಾದ ಮೇಲೆಯೇ ಉತ್ಖನನದ ಕಡೆ ಹೋಗಿ. ಮೊದಲೇ ಹೋದರೆ ಏನನ್ನು ಹುಡುಕಬೇಕೆಂದೇ ತಿಳಿಯುವುದಿಲ್ಲ. ನಾಲ್ಕು ಶೋಧಗಳು ಸಾಕು.

ಕುಂತಿಲ್ಲೆತ್ ಅಜ್ರೂದ್ ಸೀನಾಯಿ ಮರುಭೂಮಿಯ ಈಶಾನ್ಯದ ಒಂದು ಗುಡ್ಡ. 1975-76ರಲ್ಲಿ ಜೆಎವ್ ಮೆಶೆಲ್ ಅಲ್ಲಿ ಅಗೆದಾಗ ಕ್ರಿ.ಪೂ. 800ರ ಆಸುಪಾಸಿನ ದೊಡ್ಡ ಹರವಿಗಳು ಸಿಕ್ಕವು. ಅವುಗಳ ಮೇಲೆ ಶಾಯಿಯಲ್ಲಿ ಬರೆದ ಹರಕೆಗಳು: ‘ಸಮಾರ್ಯದ ಯೆಹೋವನೂ ಅವನ ಅಶೇರವೂ’ ನಿಮ್ಮನ್ನು ಹರಸಲಿ ಎಂಬಂಥವು. ಅಶೇರ ಎಂದರೆ ಇಲ್ಲಿ ದೇವಿಯೋ, ಮರದ ಸ್ತಂಭವೋ ಎಂಬ ಜಗಳ ಇನ್ನೂ ನಡೆದಿದೆ. ಯಾವುದೇ ಆಗಿರಲಿ, ಯೋಷೀಯ ಸುಟ್ಟುಹಾಕಿದ ವಸ್ತುವಿನ ಹೆಸರು ಯೆಹೋವನ ಹೆಸರಿನ ಪಕ್ಕದಲ್ಲೇ, ಭಕ್ತಿಯಿಂದ ಬರೆದದ್ದಾಗಿ ಸಿಕ್ಕಿದೆ.

ಅರಾದ್ ಯೆಹೂದದ ದಕ್ಷಿಣದ ಕೋಟೆ. ಅದರೊಳಗೆ ಒಂದು ಪುಟ್ಟ ದೇವಾಲಯವಿತ್ತು, ಗರ್ಭಗುಡಿಯ ಮೆಟ್ಟಿಲಲ್ಲಿ ಎರಡು ಸುಣ್ಣಕಲ್ಲಿನ ಧೂಪವೇದಿಗಳು. ಅವುಗಳ ಮೇಲಿನ ಕಪ್ಪು ಕಲೆಯನ್ನು ಪರೀಕ್ಷಿಸಿದ ವರದಿ 2020ರಲ್ಲಿ ಬಂತು. ದೊಡ್ಡದರ ಮೇಲೆ ಧೂಪದ ಅಂಟು, ಚಿಕ್ಕದರ ಮೇಲೆ ಗಾಂಜಾ! ಪತ್ರಿಕೆಗಳೆಲ್ಲ ಗಾಂಜಾದ ಹಿಂದೆ ಬಿದ್ದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ದೇವಾಲಯ ಒಂದೇ ಎನ್ನುವ ಪುಸ್ತಕದ ನಾಡಿನಲ್ಲಿ, ಅರಸನ ಕೋಟೆಯೊಳಗೇ ಇನ್ನೊಂದು ದೇವಾಲಯ ಇದ್ದದ್ದು.

ಮೂರನೆಯದು ಯೆಹೂದದ ಮನೆಗಳಲ್ಲಿ ನೂರಾರು ಸಂಖ್ಯೆಯಲ್ಲಿ ಸಿಕ್ಕಿರುವ, ಎರಡು ಕೈಗಳಿಂದ ಮೊಲೆ ಹಿಡಿದ ಹೆಣ್ಣಿನ ಮಣ್ಣಿನ ಗೊಂಬೆಗಳು. ನಾಲ್ಕನೆಯದು ಮೇಷನ ಶಾಸನ. 1868ರಲ್ಲಿ ಯೊರ್ದಾನಿನಾಚೆ ದೀಬಾನ್‌ನಲ್ಲಿ ಕಂಡ ಈ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಇಸ್ರಾಯೇಲಿನ ನೆರೆಯ ಮೋವಾಬಿನ ಅರಸ ಮೇಷ ಅದರಲ್ಲಿ ಹೇಳುವುದನ್ನು ಕೇಳಿ: ನಮ್ಮ ದೇವರು ಕೆಮೋಷ ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ, ಅದಕ್ಕೇ ಇಸ್ರಾಯೇಲ್ ನಮ್ಮನ್ನು ತುಳಿಯಿತು, ಆಮೇಲೆ ಅವನ ಅಪ್ಪಣೆಯಂತೆ ನೆಬೋ ಪಟ್ಟಣ ಹಿಡಿದು 7,000 ಜನರನ್ನು ಕೊಂದು ಅವನಿಗೆ ಒಪ್ಪಿಸಿದೆ, ಯೆಹೋವನ ಪಾತ್ರೆಗಳನ್ನು ಎಳೆದುತಂದು ಕೆಮೋಷನ ಮುಂದಿಟ್ಟೆ. ಕೆಮೋಷನ ಜಾಗದಲ್ಲಿ ಯೆಹೋವ ಎಂದು ಬರೆದರೆ ಇದು ನಾಡು ಗೆದ್ದ ಕಥೆ ಹೇಳುವ ಯೆಹೋಶುವನ ಪುಸ್ತಕದ ಒಂದು ಪುಟ. ಸೋಲನ್ನು ತಮ್ಮದೇ ದೇವರ ಕೋಪವೆಂದು ವಿವರಿಸುವುದು ಇಸ್ರಾಯೇಲಿನ ಪ್ರವಾದಿಗಳ ಸ್ವಂತ ಕಲ್ಪನೆ ಎಂದುಕೊಂಡಿದ್ದರೆ ಈ 34 ಸಾಲುಗಳು ಅದನ್ನು ಬಿಡಿಸುತ್ತವೆ.

ಒಂದು ಎಚ್ಚರಿಕೆ. ಒಡಂಬಡಿಕೆಯ ಮಂಜೂಷ ಸಿಕ್ಕಿತು, ನೋಹನ ನಾವೆ ಸಿಕ್ಕಿತು ಎನ್ನುವ ವಿಡಿಯೋಗಳು ವರ್ಷಕ್ಕೆ ಹತ್ತು ಬರುತ್ತವೆ. ಯಾರು ಅಗೆದರು, ಯಾವ ಪದರದಲ್ಲಿ ಸಿಕ್ಕಿತು ಎಂದು ಕೇಳಿ. ಹಳೆಯ ವಸ್ತುಗಳ ಅಂಗಡಿಯಿಂದ ಬಂದದ್ದಾದರೆ ಇನ್ನೂ ಅನುಮಾನವಿರಲಿ. ಸೊಲೊಮೋನನ ದೇವಾಲಯದ ಏಕೈಕ ಕುರುಹು ಎಂದು ಇಸ್ರೇಲ್ ಮ್ಯೂಸಿಯಂ 1988ರಲ್ಲಿ ಕೊಂಡಿದ್ದ ದಂತದ ದಾಳಿಂಬೆಯ ಮೇಲಿನ ಬರಹವೇ ನಕಲಿ ಎಂದು 2004ರಲ್ಲಿ ತಜ್ಞರು ಹೇಳಿದರು.

6. ಈಗ ಆದಿಕಾಂಡ, ಎರಡು ಬಣ್ಣದ ಪೆನ್ಸಿಲ್‌ಗಳೊಂದಿಗೆ

ಜಲಪ್ರಳಯದ ಕಥೆ, 6ರಿಂದ 9ನೆಯ ಅಧ್ಯಾಯದವರೆಗೆ, ಝೆರಾಕ್ಸ್ ಮಾಡಿಸಿಕೊಳ್ಳಿ. ‘ಯೆಹೋವ’ ಎಂದಿರುವ ಸಾಲುಗಳಿಗೆ ಕೆಂಪು, ‘ದೇವರು’ ಎಂದಿರುವ ಸಾಲುಗಳಿಗೆ ನೀಲಿ ಹಚ್ಚಿ. ಒಂದು ಕಡೆ ಪ್ರತಿ ಪ್ರಾಣಿಯ ಒಂದು ಜೋಡಿ, ಇನ್ನೊಂದು ಕಡೆ ಶುದ್ಧ ಪ್ರಾಣಿಗಳ ಏಳು ಜೋಡಿ. ಒಂದು ಕಡೆ 40 ದಿನ, ಇನ್ನೊಂದು ಕಡೆ 150. ಬಣ್ಣ ಹಚ್ಚಿ ಮುಗಿದಾಗ ಎರಡು ಕಥೆಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಕೆಂಪನ್ನು ಮಾತ್ರ ಓದಿದರೂ ಹೆಚ್ಚುಕಡಿಮೆ ಪೂರ್ತಿ ಕಥೆ, ನೀಲಿಯನ್ನು ಮಾತ್ರ ಓದಿದರೂ ಹಾಗೆಯೇ. ಕೊನೆಯಲ್ಲಿ ನೋಹ ಬಲಿ ಕೊಡುವುದು ಕೆಂಪು ಕಥೆಯಲ್ಲಿ. ಏಳು ಜೋಡಿ ಏಕೆ ಬೇಕಾಗಿತ್ತು ಎಂಬುದು ಆಗ ತಾನಾಗಿ ಬಿಡಿಸಿಕೊಳ್ಳುತ್ತದೆ: ಒಂದೇ ಜೋಡಿಯಿದ್ದಿದ್ದರೆ ಆ ಬಲಿಯಿಂದ ಒಂದು ಜಾತಿಯೇ ಅಳಿದುಹೋಗುತ್ತಿತ್ತು.

ಜರ್ಮನಿಯ ಜೂಲಿಯಸ್ ವೆಲ್‌ಹೌಸನ್ 19ನೆಯ ಶತಮಾನದ ಕೊನೆಯಲ್ಲಿ ತೋರಾದ ಐದು ಕಾಂಡಗಳನ್ನು ನಾಲ್ಕು ಮೂಲಗಳಾಗಿ ವಿಂಗಡಿಸಿದ ವಾದಕ್ಕೆ ಬುನಾದಿ ಇಂಥ ಓದೇ. ಅವನ ವಿಂಗಡಣೆಯನ್ನು ಇಂದು ಇದ್ದಂತೆಯೇ ಒಪ್ಪುವವರು ಕಡಿಮೆ. ಆದರೂ ಯಾಜಕರ ಕೈ ಬೇರೆ, ಧರ್ಮೋಪದೇಶಕಾಂಡದ ಕೈ ಬೇರೆ ಎಂಬುದನ್ನು ಹೆಚ್ಚಿನವರು ಬಿಟ್ಟುಕೊಟ್ಟಿಲ್ಲ. ಇನ್ನೂ ಅಭ್ಯಾಸ ಬೇಕೆಂದರೆ: ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ವಿಮೋಚನಕಾಂಡ 20 ಮತ್ತು ಧರ್ಮೋಪದೇಶಕಾಂಡ 5 ಕೊಡುವ ಬೇರೆಬೇರೆ ಕಾರಣಗಳು, ದಾವೀದನನ್ನು ಜನಗಣತಿಗೆ ಪ್ರೇರಿಸಿದ್ದು 2 ಸಮುವೇಲ 24ರಲ್ಲಿ ಯೆಹೋವ, 1 ಪೂರ್ವಕಾಲವೃತ್ತಾಂತ 21ರಲ್ಲಿ ಸೈತಾನ.

7. ಯಾಜಕಕಾಂಡಕ್ಕೆ ಮರಳಿ

ಹಿಂದೆ ಸೋತ ಜಾಗಕ್ಕೆ ಈಗ ಹೋಗಬಹುದು. ಮಡಿ, ಮೈಲಿಗೆ, ಸೂತಕ, ಪುರುಡು ಎಂಬ ಪದಗಳು ನಮ್ಮ ಮನೆಮಾತು. ಯೂರೋಪಿನ ವಿದ್ಯಾರ್ಥಿ ಪುಸ್ತಕ ಓದಿ ಅರಿಯಬೇಕಾದದ್ದು ನಮಗೆ ಅಜ್ಜಿಯ ಮನೆಯಲ್ಲೇ ಗೊತ್ತಾಗಿರುತ್ತದೆ. 12ನೆಯ ಅಧ್ಯಾಯದಲ್ಲಿ ಗಂಡು ಹೆತ್ತವಳಿಗೆ 7 ಮತ್ತು 33 ದಿನ, ಹೆಣ್ಣು ಹೆತ್ತವಳಿಗೆ ಅದರ ಎರಡರಷ್ಟು. ಹೆಣ ಮುಟ್ಟಿದವನಿಗೆ ಏಳು ದಿನ, ಅರಣ್ಯಕಾಂಡ 19ರಲ್ಲಿ. ಆದರೆ ಇಲ್ಲಿನ ಅಶುದ್ಧಿ ಹುಟ್ಟಿನಿಂದ ಒಂದು ಗುಂಪಿಗೆ ಅಂಟಿಕೊಳ್ಳುವುದಲ್ಲ. ಯಾರಿಗಾದರೂ ತಗಲುತ್ತದೆ, ದಿನ ಕಳೆದು ಸ್ನಾನವೋ ಬಲಿಯೋ ಆದ ಮೇಲೆ ಹೋಗುತ್ತದೆ. ಅಶುದ್ಧನಾಗುವುದು ಪಾಪವೂ ಅಲ್ಲ. ಅಪ್ಪನ ಹೆಣ ಹೂಳುವುದು ಕರ್ತವ್ಯ, ಅದರಿಂದ ಬರುವ ಅಶುದ್ಧಿ ಅದರ ಪಾಡಿಗೆ ಅದು. ಮೊದಲು 11ರಿಂದ 16ನೆಯ ಅಧ್ಯಾಯಗಳನ್ನು ಓದಿ, ಆಮೇಲೆ ಹಿಂದಕ್ಕೆ ಹೋಗಿ ಬಲಿಗಳ ಭಾಗ ಓದಿ. ಸಮಾಧಾನಯಜ್ಞದಲ್ಲಿ ಕೊಬ್ಬು ದೇವರಿಗೆ, ಒಂದು ಪಾಲು ಯಾಜಕನಿಗೆ, ಮಿಕ್ಕ ಮಾಂಸ ಕೊಟ್ಟವನ ಮನೆಯವರ ಊಟಕ್ಕೆ ಎಂದು ಗೊತ್ತಾದರೆ ಆ ಒಣ ಪುಟಗಳಲ್ಲಿ ಅಡುಗೆಯ ಹೊಗೆ ಕಾಣಿಸುತ್ತದೆ.

8. ಹೀಬ್ರೂ ಎಷ್ಟು ಬೇಕು?

ಪಂಡಿತರಾಗಬೇಕಿಲ್ಲ, ಅಕ್ಷರ ಮಾತ್ರ ಬೇಕೇ ಬೇಕು. 22 ವ್ಯಂಜನಗಳು, ಬಲದಿಂದ ಎಡಕ್ಕೆ. ಹದಿನೈದು ದಿನ ಸಾಕು. ಸ್ವರಗಳನ್ನು ಸೂಚಿಸುವ ಚುಕ್ಕೆ ಗೀಟುಗಳನ್ನು ಎಷ್ಟೋ ಶತಮಾನಗಳ ಆಮೇಲೆ ಮಸೋರಾ ಪಂಡಿತರು (ಪಠ್ಯವನ್ನು ಕಾಪಾಡಿ ನಕಲಿಸಿದ ಯಹೂದ್ಯ ವಿದ್ವಾಂಸರು) ಸೇರಿಸಿದರು. ಕಾಗುಣಿತ ಬರೆದು ಬೆಳೆದ ನಮಗೆ ವ್ಯಂಜನಕ್ಕೆ ಸ್ವರಚಿಹ್ನೆ ಅಂಟಿಸುವುದು ಹೊಸದಲ್ಲ. ಮೂರು ವ್ಯಂಜನಗಳ ಧಾತುವೂ ಬೇಗ ಹಿಡಿಯುತ್ತದೆ: ಮ-ಲ-ಕ ಎಂಬುದರಿಂದ ಮೆಲೆಖ್ ಅರಸ, ಮಲ್ಕಾ ರಾಣಿ, ಮಮ್ಲಾಖಾ ರಾಜ್ಯ. ಅಂದಹಾಗೆ, 1 ಅರಸುಗಳು 10ರಲ್ಲಿ ಸೊಲೊಮೋನನ ಹಡಗುಗಳು ತಂದ ‘ತುಕ್ಕೀಯೀಮ್’ ನವಿಲುಗಳೆಂದೂ ಆ ಪದ ತಮಿಳಿನ ತೋಗೈ, ನಮ್ಮ ತೋಕೆಗಳ ನೆಂಟನೆಂದೂ ಒಂದು ಹಳೆಯ ವಾದವಿದೆ. ಎಲ್ಲರೂ ಒಪ್ಪಿಲ್ಲ, ಕೇಳಲು ಮಾತ್ರ ಚೆನ್ನಾಗಿದೆ.

ಅಕ್ಷರ ಬಂದ ಮೇಲೆ ಒಂದು ವಚನ ನೋಡಿ: ಧರ್ಮೋಪದೇಶಕಾಂಡ 32:8. ಪರಾತ್ಪರನು ಜನಾಂಗಗಳಿಗೆ ಎಲ್ಲೆ ಹಾಕಿದ್ದು ‘ಇಸ್ರಾಯೇಲನ ಮಕ್ಕಳ’ ಸಂಖ್ಯೆಗೆ ತಕ್ಕಂತೆ ಎನ್ನುತ್ತದೆ ಮಸೋರಾ ಪಠ್ಯ. 1947ರಿಂದ ಮುಂದೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಸುರುಳಿಗಳ ಒಂದು ತುಣುಕಿನಲ್ಲಿ ಅದೇ ಜಾಗದಲ್ಲಿ ‘ದೇವರ ಮಕ್ಕಳ’ ಎಂದಿದೆ. ಹಾಗೆ ಓದಿದರೆ ಪ್ರತಿ ಜನಾಂಗಕ್ಕೂ ಒಬ್ಬೊಬ್ಬ ದೇವಪುತ್ರ, ಯೆಹೋವನ ಪಾಲಿಗೆ ಯಾಕೋಬನ ವಂಶ, ಅಂದರೆ ಇಸ್ರಾಯೇಲ್. 82ನೆಯ ಕೀರ್ತನೆಯ ದೇವಸಭೆಯನ್ನು ಇದರ ಪಕ್ಕದಲ್ಲಿಡಿ, ಆಮೇಲೆ ಯೆಶಾಯ 45 ಓದಿ. ಅಲ್ಲಿ ನಾನಲ್ಲದೆ ದೇವರೇ ಇಲ್ಲ ಎಂಬ ಘೋಷಣೆ, ಕೋರೆಷನ ಕಾಲದ್ದು. ಬೇರೆಯವರನ್ನು ಪೂಜಿಸಬೇಡ ಎನ್ನುವುದಕ್ಕೂ ಬೇರೆಯವರು ಇಲ್ಲವೇ ಇಲ್ಲ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಈ ಮೂರು ಪಠ್ಯಗಳಲ್ಲೇ ಅಳತೆಗೆ ಸಿಗುತ್ತದೆ.

9. ಕೊನೆಯ ಅಭ್ಯಾಸ: ನೈಲ್ ನದಿಯ ದ್ವೀಪದಿಂದ ಒಂದು ಅರ್ಜಿ

ಧರ್ಮೋಪದೇಶಕಾಂಡದ 12ನೆಯ ಅಧ್ಯಾಯ ಓದಿ: ಯೆಹೋವ ಆರಿಸಿಕೊಂಡ ಒಂದೇ ಸ್ಥಳದಲ್ಲಿ ಬಲಿ, ಬೇರೆಲ್ಲೂ ಕೂಡದು. ಓದಿದ ಮೇಲೆ ಎಲಿಫೆಂಟೈನ್ ಪಪೈರಸ್‌ಗಳ ಅನುವಾದ ಹುಡುಕಿ. ಈಜಿಪ್ಟಿನ ಅಸ್ವಾನ್ ಬಳಿಯ ಆ ದ್ವೀಪದಲ್ಲಿ ಪರ್ಷಿಯದ ಸೇನೆಗಾಗಿ ದುಡಿಯುತ್ತಿದ್ದ ಯೆಹೂದ್ಯರಿಗೆ ತಮ್ಮದೇ ದೇವಾಲಯವಿತ್ತು, ಯಾಹೂ ಎಂಬ ಹೆಸರಿನ ದೇವರಿಗೆ; ಅದು ಯೆಹೋವ ಎಂಬ ಹೆಸರಿನದೇ ಇನ್ನೊಂದು ರೂಪ. ಕ್ರಿ.ಪೂ. 410ರಲ್ಲಿ ಪಕ್ಕದ ಖ್ನೂಮ್ ದೇವರ ಅರ್ಚಕರು ಅಧಿಕಾರಿಯನ್ನು ಒಲಿಸಿಕೊಂಡು ಅದನ್ನು ಕೆಡವಿಸಿದರು. ಮೂರು ವರ್ಷಗಳ ನಂತರ ದ್ವೀಪದ ಯೆಹೂದ್ಯರು ಯೆಹೂದದ ರಾಜ್ಯಪಾಲನಿಗೆ ಬರೆದರು: ಗುಡಿ ಕಟ್ಟಲು ಸಹಾಯ ಮಾಡಿ, ಮೊದಲೇ ಯೆರೂಸಲೇಮಿನ ಮಹಾಯಾಜಕನಿಗೆ ಬರೆದಿದ್ದೆವು, ಅವನು ಉತ್ತರ ಕೊಡಲಿಲ್ಲ. ತಾವು ತಪ್ಪು ಮಾಡುತ್ತಿದ್ದೇವೆ ಎಂಬ ಅಳುಕು ಆ ಪತ್ರದಲ್ಲಿ ಒಂದಿಷ್ಟೂ ಇಲ್ಲ. ಅದೇ ದ್ವೀಪದ ಒಂದು ಚಂದಾ ಪಟ್ಟಿಯಲ್ಲಿ ಯಾಹೂವಿನ ಜೊತೆಗೆ ಅನತ್‌ಬೇತೇಲ್ ಎಂಬ ದೇವಿಗೂ ಹಣ ಎತ್ತಿಟ್ಟಿದ್ದಾರೆ. ದ್ವೀಪದ ಬರಹಗಳಲ್ಲಿ ತೋರಾದ ಒಂದು ಸಾಲೂ ಸಿಕ್ಕಿಲ್ಲ.

ಅರ್ಜಿಗೆ ಉತ್ತರ ಬಂತು. ಗುಡಿ ಮತ್ತೆ ಕಟ್ಟಬಹುದು, ಧಾನ್ಯ ಮತ್ತು ಧೂಪ ಅರ್ಪಿಸಬಹುದು ಎಂದಿತ್ತು. ಪ್ರಾಣಿಬಲಿಯ ಮಾತು ಅದರಲ್ಲಿ ಇರಲಿಲ್ಲ. ಏಕೆ ಬಿಟ್ಟರು ಎಂದು ನಿಮ್ಮ ನೋಟ್‌ಬುಕ್‌ನಲ್ಲಿ ಒಂದು ಪುಟ ಬರೆಯಿರಿ. ನಾನು ಬರೆದದ್ದನ್ನು ಇದುವರೆಗೆ ಮೂರು ಸಲ ಹೊಡೆದುಹಾಕಿದ್ದೇನೆ.